ಹೊಂಡ ತೋಡಿಸಿದ್ದೀರಿ, ಉಳಿಸಿಕೊಳ್ಳಲೂ ದುಡ್ಡು ಕೊಡಿ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೂ, ಜಲಾನಯನ ಅಭಿವೃದ್ಧಿ ಇಲಾಖೆಯ ಹಿರಿಯ ಅಧಿಕಾರಿಗಳಿಗೂ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಬ್ಬ ಒಣಬೇಸಾಯದ ರೈತನ ನಮಸ್ಕಾರಗಳು.

ಇದು ಯೋಜನೆ ಬೇಡ ಅನ್ನುವ ಪತ್ರ ಅಲ್ಲ. ಸಬ್ಸಿಡಿ ಎಲ್ಲ ದಲ್ಲಾಳಿಗಳ ಪಾಲಾಯಿತು ಅಂತ ಕೂಗಾಡುವ ಪತ್ರವೂ ಅಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಬೇರೆ. ಮಣ್ಣು, ನೀರು ಉಳಿಸುವುದಕ್ಕೆ ಅಂತ ನೀವು ಕೊಡುವ ದುಡ್ಡೆಲ್ಲ ಕಟ್ಟುವ ದಿನಕ್ಕೆ, ತೋಡುವ ದಿನಕ್ಕೆ ಮುಗಿದುಹೋಗುತ್ತದೆ. ಮಾರನೇ ವರ್ಷ ಅದು ಹೊಲದಲ್ಲಿ ಉಳಿದಿದೆಯೋ ಇಲ್ಲವೋ ಅಂತ ಕೇಳಲು ಯಾರೂ ಬರುವುದಿಲ್ಲ. ಕೇಳಲು ಬರುವುದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲೂ ದುಡ್ಡಿಲ್ಲ.

2014-15ರಲ್ಲಿ ಹೊಲದಲ್ಲಿ ಮಳೆನೀರು ಹಿಡಿಯುವ ಹೊಂಡ ತೋಡಿಸುವ ಕೃಷಿ ಭಾಗ್ಯ ಯೋಜನೆ ಶುರುವಾದಾಗ ನಮ್ಮ ಮಳೆಯಾಶ್ರಿತ ಹೊಲಗಳಿಗೆ ನಿಜಕ್ಕೂ ಒಂದು ಧೈರ್ಯ ಬಂತು. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ. ಹೊಂಡ, ಅದರ ಪಾಲಿಥೀನ್ ಹಾಸು, ನೀರೆತ್ತುವ ಪಂಪು, ತುಂತುರು ನೀರಾವರಿ ಎಲ್ಲ ಒಂದೇ ಕಟ್ಟಿನಲ್ಲಿ. ನಡುವೆ ಯೋಜನೆ ನಿಂತಿತು. 2023-24ರಲ್ಲಿ ಮತ್ತೆ ಶುರು ಮಾಡಿದಿರಿ. ಒಳ್ಳೆಯ ಕೆಲಸ.

ನಮ್ಮಲ್ಲಿ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು. ಅದೂ ಹದವಾಗಿ ಬೀಳುವುದಿಲ್ಲ. ಜುಲೈ ಪೂರ್ತಿ ಮೋಡ ನೋಡುತ್ತಾ ಕೂರಿಸಿ, ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಸುರಿದು ಹೋಗುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಅದರಲ್ಲಿ ಒಂದು ಪಾಲು ಹೊಲದಲ್ಲೇ ನಿಂತರೂ ಸಾಕು. ಕಡಲೆ ಹೂ ಬಿಡುವ ಹೊತ್ತಿಗೆ, ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಒಂದೇ ಒಂದು ನೀರು ಕೊಟ್ಟರೆ ಬೆಳೆ ಕೈ ಹಿಡಿಯುತ್ತದೆ. ಹೊಂಡ ಅಂದರೆ ನಮಗೆ ಆ ಒಂದು ನೀರು, ಅಷ್ಟೇ. ಆ ಒಂದು ನೀರಿಗಾಗಿ ಎಷ್ಟು ಜನ ಬಂಗಾರ ಅಡವಿಟ್ಟು ವಂತಿಗೆ ಕಟ್ಟಿದ್ದಾರೆ ಅನ್ನುವುದು ನಮ್ಮ ಊರಿನ ಸೊಸೈಟಿಗೆ ಗೊತ್ತು.

ಈಗ ನನ್ನ ಹೊಲಕ್ಕೇ ಬನ್ನಿ. ನಮ್ಮದು ಮಸಾರಿ. ಕೆಂಪು ಮಣ್ಣು, ಕೆಳಗೆ ಗರಸು. ಹಾಸು ಇಲ್ಲದಿದ್ದರೆ ನೀರು ವಾರದಲ್ಲಿ ಇಂಗಿಹೋಗುತ್ತದೆ. ಹೊಂಡ ಮುಗಿದ ದಿನ ಜಿಪಿಎಸ್ ಫೋಟೊ ತೆಗೆದರು. ಮುಂದೆ ನಾನು, ಹಿಂದೆ ಹೊಸ ಹಾಸು ಹೊಳೆಯುವ ಹೊಂಡ, ಪಕ್ಕದಲ್ಲಿ ಬಣ್ಣ ಹಸಿಯಿದ್ದ ಫಲಕ. ಮೊದಲ ವರ್ಷ ತುಂಬಿತು. ಶೇಂಗಾಕ್ಕೆ ನೀರು ಕೊಟ್ಟೆವು, ಖುಷಿಪಟ್ಟೆವು. ಎರಡನೇ ಬೇಸಿಗೆಯಲ್ಲಿ ನೀರು ತಳ ಕಂಡಾಗ ಆಡುಗಳು ಕುಡಿಯಲು ಇಳಿದವು. ಬೇಸಿಗೆಯಲ್ಲಿ ಸುತ್ತ ಎಲ್ಲೂ ನೀರಿಲ್ಲ, ಅವಾದರೂ ಎಲ್ಲಿಗೆ ಹೋಗಬೇಕು? ಗೊರಸು ತಾಗಿದಲ್ಲೆಲ್ಲ ತೂತು. ಬಿಸಿಲಿಗೆ ಅಂಚು ಪುಡಿಪುಡಿ. ಮೂರನೇ ಮಳೆಗಾಲದ ಹೊತ್ತಿಗೆ ನೀರು ಬರುವ ಬಾಯಿಯ ಹತ್ತಿರ ಮೊಣಕಾಲು ಮುಳುಗುವಷ್ಟು ಹೂಳು. ಬಾಯಿಗೆ ಕಲ್ಲು ಜೋಡಿಸಿ, ಅದರ ಮುಂದೆ ಒಂದು ಹೂಳು ಗುಂಡಿ ತೆಗೆದಿದ್ದರೆ ಅರ್ಧ ಹೂಳು ಅಲ್ಲೇ ನಿಲ್ಲುತ್ತಿತ್ತು. ಆದರೆ ಅಂದಾಜು ಪಟ್ಟಿಯ ಪ್ರಕಾರ ಕೆಲಸ ಆಗಲೇ ಮುಗಿದಿತ್ತು.

ಹಾಸು ಬದಲಿಸಲು ಏನಾದರೂ ಸಿಗುತ್ತದಾ ಅಂತ ಕೇಳಲು ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ. ಕೂರಿಸಿ ಮಾತಾಡಿಸಿದರು. ಕಂಪ್ಯೂಟರಿನಲ್ಲಿ ನನ್ನ ಫ್ರೂಟ್ಸ್ ಐಡಿ, ಅಂದರೆ ರೈತ ನೋಂದಣಿಯ ಸಂಖ್ಯೆ, ಹಾಕಿ ನೋಡಿ, "ನಿಮ್ದು ಆಗ್ಲೇ ಆಗೇತಲ್ರೀ, ಮತ್ತ ಬರಂಗಿಲ್ಲ" ಅಂದರು. ನಿಜ, ಅವರ ಲೆಕ್ಕದಲ್ಲಿ ನಾನು ನೀರು ಪಡೆದ ರೈತ. ನನ್ನ ಹೆಸರಿನ ಮುಂದೆ ಸರಿ ಗುರುತು ಬಿದ್ದಿದೆ. ಹೊಂಡ ಸೋರುತ್ತಿರುವುದು ಹಾಕಲು ಆ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ.

ಮದುವೆಗೆ ಅದ್ದೂರಿಯಾಗಿ ಬಂದು, ಉಂಡು, ಫೋಟೊ ತೆಗೆಸಿಕೊಂಡು, ಆಮೇಲೆ ಆ ಮನೆ ಕಡೆ ತಲೆ ಹಾಕದ ಬೀಗರಿರುತ್ತಾರಲ್ಲ, ಇಲಾಖೆಯ ಯೋಜನೆಗಳು ನಮಗೆ ಹಾಗೆ ಕಾಣುತ್ತವೆ.

ಬೇರೆ ದಾರಿ ಇಲ್ಲ ಅಂತೇನೂ ಇಲ್ಲ. ನಿಮ್ಮ ಸರ್ಕಾರದ್ದೇ ಇನ್ನೊಂದು ಇಲಾಖೆ ಅದನ್ನು ಎಷ್ಟೋ ವರ್ಷದಿಂದ ಮಾಡುತ್ತಿದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಬಂತು. ರೈತ ನರ್ಸರಿಯಿಂದ ಕಡಿಮೆ ದರಕ್ಕೆ ಸಸಿ ತಂದು ಹಚ್ಚುತ್ತಾನೆ. ಹೆಬ್ಬೇವು, ತೇಗ, ಶ್ರೀಗಂಧ, ಯಾವುದೋ ಒಂದು. ಹಚ್ಚಿದ ದಿನ ಯಾರೂ ದುಡ್ಡು ಕೊಡುವುದಿಲ್ಲ. ವರ್ಷದ ಕೊನೆಗೆ ಬಂದು ಬದುಕಿದ ಸಸಿ ಎಣಿಸುತ್ತಾರೆ. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಮೂರು ವರ್ಷ ಉಳಿಸಿದವನಿಗೆ ಒಂದು ಸಸಿಗೆ 125. ಒಣಗಿಸಿದವನಿಗೆ ಸೊನ್ನೆ.

ಮೊತ್ತ ಸಣ್ಣದು, ಒಪ್ಪುತ್ತೇನೆ. ಎಣಿಸಲು ಬರುವವರು ತಡ ಮಾಡುತ್ತಾರೆ ಅನ್ನುವ ದೂರೂ ಇದೆ. ಆದರೂ ಆ ಲೆಕ್ಕಾಚಾರ ನೋಡಿ. ಬೇಸಿಗೆಯಲ್ಲಿ ಕೊಡ ಹೊತ್ತು ಸಸಿಗೆ ನೀರು ಹಾಕಲು ರೈತನಿಗೆ ಒಂದು ಕಾರಣ ಸಿಗುತ್ತದೆ. ಅಧಿಕಾರಿಗೂ ಮತ್ತೆ ಹೊಲಕ್ಕೆ ಬರಲು ಒಂದು ಕಾರಣ ಸಿಗುತ್ತದೆ. ಇದನ್ನೇ ಹೊಂಡಕ್ಕೆ, ಬದುವಿಗೆ ಯಾಕೆ ಮಾಡಬಾರದು?

ನಾನು ಕೇಳುವುದು ಇಷ್ಟು. ಹೊಂಡಕ್ಕೆ, ಬದುವಿಗೆ ಈಗ ಕೊಡುವ ಸಹಾಯಧನ ಹಾಗೇ ಇರಲಿ. ಅದರಲ್ಲಿ ಒಂದು ಪಾಲು ಹಿಡಿದಿಟ್ಟು ಆಮೇಲೆ ಕೊಡುತ್ತೇವೆ ಅನ್ನಬೇಡಿ. ಜೆಸಿಬಿಯವನು ಮೂರು ವರ್ಷ ಕಾಯುವುದಿಲ್ಲ, ಸಣ್ಣ ರೈತ ಸಾಲಕ್ಕೆ ಬೀಳುತ್ತಾನೆ. ಅದರ ಮೇಲೆ ಮೂರು ವರ್ಷ ಒಂದಿಷ್ಟು ನಿರ್ವಹಣೆಯ ದುಡ್ಡು ಸೇರಿಸಿ. ಹೂಳು ತೆಗೆದಿದ್ದಾನಾ, ಹಾಸಿನ ತೂತಿಗೆ ತೇಪೆ ಹಾಕಿದ್ದಾನಾ, ಬದುವಿನ ಕೋಡಿ ಸರಿಯಿದೆಯಾ, ನೋಡಿ ಕೊಡಿ. ಬಜೆಟ್ ಎಲ್ಲಿಂದ ಅಂತೀರಾ? ಹತ್ತು ಹೊಸ ಹೊಂಡದ ಗುರಿ ಇದ್ದಲ್ಲಿ ಒಂಬತ್ತು ಮಾಡಿ. ಹತ್ತನೆಯದರ ದುಡ್ಡನ್ನು ಆ ಒಂಬತ್ತಕ್ಕೆ ಹಾಕಿ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಒಂದು ಅಂಕಿ ಕಡಿಮೆ ಕಾಣುತ್ತದೆ, ಅದನ್ನು ನೀವು ತಡೆದುಕೊಳ್ಳಬೇಕು. ಹೊಲದಲ್ಲಿ ಮಾತ್ರ ನೀರು ಜಾಸ್ತಿ ನಿಲ್ಲುತ್ತದೆ.

ನೋಡುವವರು ಯಾರು ಅನ್ನುವುದೂ ದೊಡ್ಡ ಪ್ರಶ್ನೆಯಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇರುವ ಸಿಬ್ಬಂದಿ ಬೀಜ, ಗೊಬ್ಬರ, ಬೆಳೆ ವಿಮೆ, ಬೆಳೆ ಸಮೀಕ್ಷೆ ಅಂತ ಆಗಲೇ ಸುಸ್ತಾಗಿದ್ದಾರೆ. ಅವರ ತಲೆ ಮೇಲೆ ಇದನ್ನೂ ಹೇರಬೇಡಿ. ಊರೂರಲ್ಲಿ ಕೃಷಿ ಸಖಿಯರು ಇದ್ದಾರೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ತರಬೇತಿ ಪಡೆದವರು, ಮೊಬೈಲಿನಲ್ಲಿ ಫೋಟೊ ಹಾಕಲು ಬರುವವರು. ಯಾರ ಹೊಂಡ ಸೋರುತ್ತಿದೆ ಅಂತ ಅವರಿಗೆ ಹೊಲಕ್ಕೆ ಹೋಗದೆಯೂ ಗೊತ್ತಿರುತ್ತದೆ. ಒಂದು ಹೊಂಡಕ್ಕೆ ಇಂತಿಷ್ಟು ಅಂತ ಅವರಿಗೆ ಕೂಲಿ ಕಟ್ಟಿಕೊಡಿ. ಗೌರವಧನ ಅಂತ ಹೇಳಿ ತಿಂಗಳುಗಟ್ಟಲೆ ಕಾಯಿಸುವುದು ಬೇಡ.

ಬದುವಿನ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಊರ ದಕ್ಷಿಣಕ್ಕೆ ಎಲ್ಲ ಎರಿ ಹೊಲ. ಕಪ್ಪು ಮಣ್ಣು, ಬೇಸಿಗೆಯಲ್ಲಿ ಮೊಣಕೈತನಕ ಕೈ ಇಳಿಯುವಷ್ಟು ಬಿರುಕು. ಅಲ್ಲಿ ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿಸಿದಾಗ ಎಲ್ಲ ಕಡೆ ಒಂದೇ ಅಳತೆ, ಒಂದೇ ಎತ್ತರ. ಮಸಾರಿಗೆ ಹಾಕಿದ ಬದುವನ್ನೇ ಎರಿಗೂ ಹಾಕಿದರು. ಏನಾಗುತ್ತದೆ ಹೇಳುತ್ತೇನೆ. ಒಣ ಹೆಂಟೆಗಳನ್ನು ಪೇರಿಸಿದ ಬದುವಿಗೆ ಮೊದಲ ದೊಡ್ಡ ಮಳೆಯ ನೀರು ಬಂದು ನಿಲ್ಲುತ್ತದೆ. ಎರಿ ನೀರನ್ನು ಬೇಗ ಕುಡಿಯುವುದಿಲ್ಲ. ನಾಲ್ಕೈದು ದಿನ ನಿಂತರೆ ಬದುವಿನ ಪಕ್ಕದ ಹತ್ತು ಸಾಲು ಹೆಸರು ಹಳದಿಯಾಗುತ್ತದೆ. ಆಗ ರೈತ ರಾತ್ರಿ ಸಲಿಕೆ ಹಿಡಿದು ಹೋಗಿ ತನ್ನ ಬದುವನ್ನು ತಾನೇ ಕಡಿಯುತ್ತಾನೆ. ಅವನು ಕಡಿಯದಿದ್ದರೆ ಬಿರುಕಿನೊಳಗೆ ನೀರು ನುಗ್ಗಿ ಬದು ತಾನೇ ಒಡೆಯುತ್ತದೆ. ಒಡೆದ ಜಾಗದಿಂದ ನುಗ್ಗಿದ ನೀರು ಕೆಳಗಿನವನ ಹೊಲದಲ್ಲಿ ಕೊರಕಲು ಮಾಡುತ್ತದೆ. ಆಮೇಲೆ ಇಬ್ಬರೂ ಪಂಚಾಯಿತಿ ಕಟ್ಟೆಯಲ್ಲಿ ಎದುರುಬದುರು. ಬದು ಹಾಕುವ ಮೊದಲು ಅವರಿಬ್ಬರೂ ಚೆನ್ನಾಗಿಯೇ ಇದ್ದರು.

ಇದು ಯಾರಿಗೂ ಗೊತ್ತಿಲ್ಲದ ರಹಸ್ಯ ಏನಲ್ಲ. ಒಣಬೇಸಾಯದ ಸಂಶೋಧನೆ ನಮ್ಮ ಸೀಮೆಯಲ್ಲಿ 1930ರ ದಶಕದಲ್ಲೇ ಶುರುವಾಗಿದೆ. ಬ್ರಿಟಿಷರ ಕಾಲದಲ್ಲಿ ದೇಶದಲ್ಲಿ ಆರಿಸಿದ ಐದು ಜಾಗಗಳಲ್ಲಿ ರಾಯಚೂರು ಒಂದು, ಬಳ್ಳಾರಿ ಹತ್ತಿರದ ಹಗರಿ ಇನ್ನೊಂದು. ಸ್ವಾತಂತ್ರ್ಯ ಬಂದಮೇಲೆ 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಗೆ ಅಂತಲೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಬಂತು. ಆಳವಾದ ಎರಿಯಲ್ಲಿ ನೀರನ್ನು ಕಟ್ಟಿ ನಿಲ್ಲಿಸುವ ಸಮಪಾತಳಿ ಬದು ಬಾಳುವುದಿಲ್ಲ, ನೀರನ್ನು ನಿಧಾನವಾಗಿ ಒಂದು ಕಡೆ ಸಾಗಹಾಕುವ ಸಣ್ಣ ಇಳಿಜಾರಿನ ಬದು, ಹುಲ್ಲು ಬೆಳೆಸಿದ ಕಾಲುವೆ, ಕೊನೆಗೆ ಒಂದು ಹೊಂಡ ಬೇಕು ಅನ್ನುವುದು ಹಳೆಯ ಪಾಠ. ನಮ್ಮ ಹಿರಿಯರಿಗೂ ಅದು ಗೊತ್ತಿತ್ತು. ಹಳೆಯ ಒಡ್ಡುಗಳಲ್ಲಿ ಕಲ್ಲಿನ ಕೋಡಿ ಬಿಟ್ಟಿರುವುದನ್ನು ಈಗಲೂ ಕಾಣಬಹುದು.

ಇಷ್ಟು ಹತ್ತಿರ ಇಷ್ಟು ಹಳೆಯ ವಿದ್ಯೆ ಇದೆ. ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಕೊಪ್ಪಳವೂ ಇತ್ತು. ಆಗ ಕಿರು ಜಲಾನಯನಗಳಲ್ಲಿ ಸರ್ವೆ ನಂಬರ್ ಮಟ್ಟಕ್ಕೆ ಇಳಿದು ಮಣ್ಣಿನ ಆಳ, ಇಳಿಜಾರು, ಗುಣ ಎಲ್ಲ ಅಳೆದು ನಕ್ಷೆ ಮಾಡಿದರು. ಆ ನಕ್ಷೆಗಳನ್ನು ಫ್ರೂಟ್ಸ್ ಐಡಿಗೆ ಜೋಡಿಸಿ. ರೈತನ ಸರ್ವೆ ನಂಬರ್ ಹಾಕಿದ ಕೂಡಲೇ ಈ ಹೊಲಕ್ಕೆ ಇಂಥ ಬದು, ಇಲ್ಲಿ ಹಾಸು ಬೇಕು, ಇಲ್ಲಿ ಬೇಡ ಅಂತ ಕಾರ್ಯಾದೇಶದಲ್ಲೇ ಅಚ್ಚಾಗಲಿ. ಸಾಲ ಕೊಡುವಾಗ ನಮ್ಮ ಪಹಣಿಯ ಚರಿತ್ರೆಯೆಲ್ಲ ಒಂದೇ ಕ್ಲಿಕ್ಕಿಗೆ ಬರುತ್ತದೆ, ಮಣ್ಣಿನ ಚರಿತ್ರೆ ಬರಬಾರದಾ?

ಮತ್ತೆ ಬದು ಅಂದರೆ ಬರೀ ಮಣ್ಣಿನ ಗುಡ್ಡೆ ಅಲ್ಲ. ಅದರ ಮೇಲೆ ಕರಕಿ ಹಬ್ಬಬೇಕು, ಇಲ್ಲ ಲಾವಂಚದ ಸಾಲು ಬೇಕು. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಬದುವಿಗೆ ಲಾವಂಚ ಹಚ್ಚುತ್ತಾ ಬಂದಿದ್ದಾರೆ. ಬೇರು ಹಿಡಿದ ಬದು ಒಡೆಯುವುದಿಲ್ಲ, ದನಕ್ಕೆ ಮೇವೂ ಆಗುತ್ತದೆ. ಆದರೆ ಹುಲ್ಲು ಹಿಡಿಯಲು ಎರಡು ಮಳೆಗಾಲ ಬೇಕು, ನಿಮ್ಮ ಬಿಲ್ಲಿಗೆ ಎರಡು ವಾರ ಸಾಕು.

ಹೊರದೇಶದ ಉದಾಹರಣೆ ಕೊಡುವುದು ನನಗೆ ಅಷ್ಟಾಗಿ ಇಷ್ಟವಿಲ್ಲ. ಅಮೆರಿಕದಲ್ಲಿ ಸರಾಸರಿ ಹಿಡುವಳಿಯೇ 400 ಎಕರೆ ದಾಟುತ್ತದೆ, ಅವರಿಗೂ ನಮಗೂ ಎಲ್ಲಿಯ ಸಾಟಿ. ಆದರೆ ಒಂದು ವಿಷಯ ಮಾತ್ರ ಕೇಳಿ. 1930ರ ದಶಕದಲ್ಲಿ ಅಲ್ಲಿ ಉತ್ತ ಹೊಲದ ಮಣ್ಣೆಲ್ಲ ಗಾಳಿಗೆ ಎದ್ದು ಆಕಾಶ ಕಪ್ಪಾಗಿ, ಲಕ್ಷಾಂತರ ಜನ ಊರು ಬಿಟ್ಟರು. 1935ರಲ್ಲಿ ಮಣ್ಣು ಸಂರಕ್ಷಣೆಗೆ ಅಂತಲೇ ಕಾನೂನು ತಂದು ಇಲಾಖೆ ಕಟ್ಟಿದರು. 1985ರಿಂದ ಇನ್ನೊಂದು ಯೋಜನೆ ಇದೆ. ಸುಲಭವಾಗಿ ಕೊಚ್ಚಿಹೋಗುವ ಜಮೀನನ್ನು ಉಳದೆ ಹುಲ್ಲಿಗೋ ಮರಕ್ಕೋ ಬಿಟ್ಟರೆ, 10ರಿಂದ 15 ವರ್ಷ ಕರಾರು ಮಾಡಿಕೊಂಡು ಪ್ರತಿ ವರ್ಷ ಬಾಡಿಗೆ ಕೊಡುತ್ತಾರೆ. ಬೇರೆ ಕೆಲಸಗಳಿಗೆ ಸಹಾಯಧನ ಪಡೆದ ರೈತನೂ ಅಷ್ಟೇ, ಕಟ್ಟಿದ್ದನ್ನು ಇಂತಿಷ್ಟು ವರ್ಷ ಸುಸ್ಥಿತಿಯಲ್ಲಿ ಇಡುತ್ತೇನೆ ಅಂತ ಒಪ್ಪಿಕೊಂಡೇ ತೆಗೆದುಕೊಳ್ಳಬೇಕು. ಎರಡೆಕರೆಯವನಿಗೆ ಹೊಲ ಪಾಳು ಬಿಡು ಅನ್ನಲು ಆಗುವುದಿಲ್ಲ. ವರ್ಷ ವರ್ಷ ಬಂದು ನೋಡಿ, ವರ್ಷ ವರ್ಷ ಕೊಡುವುದನ್ನಾದರೂ ಅವರಿಂದ ತೆಗೆದುಕೊಳ್ಳಬಹುದು.

ಕೊಡದಿದ್ದರೆ ಖರ್ಚು ಉಳಿಯುತ್ತದೆ ಅಂತ ಮಾತ್ರ ತಿಳಿಯಬೇಡಿ. ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ನಿಗೂ ಜಾಸ್ತಿ ಮಣ್ಣು ಕೊಚ್ಚಿಹೋಗುತ್ತದೆ ಅಂತ 1983ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕ ಇದೆ. ಎಕರೆಗೆ ಆರೂವರೆ ಟನ್. ಎರಡು ಟ್ರ್ಯಾಕ್ಟರ್ ಟ್ರೇಲರ್ ತುಂಬುವಷ್ಟು. ಅದು ಎಲ್ಲಿ ಹೋಗುತ್ತದೆ? ಹಳ್ಳಕ್ಕೆ, ಕೆರೆಗೆ, ಹೊಳೆಗೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಮೇಲಿನ ಸೀಮೆಯ ಗುಡ್ಡ, ಗಣಿ, ಹೊಲಗಳಿಂದ ಬಂದ ಹೂಳು ಕೂತಿದೆ. ಅದನ್ನು ತೆಗೆಯಲು ಆಗದೆ ನಮ್ಮ ಜಿಲ್ಲೆಯ ನವಲಿ ಹತ್ತಿರ ಸಾವಿರಾರು ಕೋಟಿಯ ಇನ್ನೊಂದು ಜಲಾಶಯದ ಮಾತು ವರ್ಷಗಳಿಂದ ನಡೆದಿದೆ.

ನಮ್ಮ ಕೊಪ್ಪಳದ ಹಿರೇಹಳ್ಳದ ಕತೆಯೂ ನಿಮಗೆ ಗೊತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು. ಜನ ಹಿಂದೆ ಬಂದರು. 20 ಕಿ.ಮೀ.ಗೂ ಹೆಚ್ಚು ಉದ್ದ ಹಳ್ಳ ಸ್ವಚ್ಛವಾಯಿತು. ಹಳ್ಳ ಸ್ವಚ್ಛ ಮಾಡಲು ಒಬ್ಬ ಸ್ವಾಮೀಜಿ ಸಿಕ್ಕರು, ನಮ್ಮ ಪುಣ್ಯ. ಮೇಲಿನ ಹೊಲಗಳಲ್ಲಿ ಬದು ಒಡೆದೇ ಇದ್ದರೆ ಮಣ್ಣು ಮತ್ತೆ ಅಲ್ಲಿಗೇ ಬರುತ್ತದೆ ಅಲ್ವಾ? ಪ್ರತಿ ಹತ್ತು ವರ್ಷಕ್ಕೊಮ್ಮೆ ಸ್ವಾಮೀಜಿಗಳನ್ನೇ ಹಳ್ಳಕ್ಕೆ ಇಳಿಸಲಾಗದು.

ಇನ್ನೊಂದು ಕಡೆಯೂ ಯೋಜನೆ ಸೋರುತ್ತದೆ, ಅದು ಲಾವಣಿ, ಅಂದರೆ ಗೇಣಿ. ಊರಲ್ಲಿ ಉಳುವವರಲ್ಲಿ ಎಷ್ಟೋ ಜನ ಬೇರೆಯವರ ಹೊಲವನ್ನು ಲಾವಣಿಗೆ ಹಾಕಿಕೊಂಡವರು. ಭೂಸುಧಾರಣೆ ಕಾಯ್ದೆ ಪ್ರಕಾರ ಗೇಣಿ ಕೊಡುವಂತಿಲ್ಲ, ಹಾಗಾಗಿ ಎಲ್ಲ ಬಾಯಿಮಾತು. ಪಹಣಿ ಇರುವವನು ಬೆಂಗಳೂರಲ್ಲೋ ಗಂಗಾವತಿಯಲ್ಲೋ ಇರುತ್ತಾನೆ, ಬದು ಒಡೆದರೆ ಅವನಿಗೆ ನಿದ್ದೆ ಕೆಡುವುದಿಲ್ಲ. ಉಳುವವನಿಗೆ ಮುಂದಿನ ವರ್ಷ ಹೊಲ ತನಗೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಅವನು ಸುಮ್ನೆ ಯಾಕೆ ಕಲ್ಲು ಹೊರಬೇಕು? ನಿರ್ವಹಣೆಯ ದುಡ್ಡನ್ನಾದರೂ ಮಾಲೀಕನ ಒಂದು ಒಪ್ಪಿಗೆ ಪತ್ರದ ಮೇಲೆ ಉಳುವವನ ಖಾತೆಗೆ ಹಾಕಿ. ಸತ್ತ ಅಜ್ಜನ ಹೆಸರಲ್ಲೇ ಪಹಣಿ ಇರುವ ಮನೆಗಳಿಗೂ ಇದೇ ಪಾಡು. ಪೌತಿ ಖಾತೆ ಆಗುವ ತನಕ ಅವರಿಗೆ ಬದುವೂ ಇಲ್ಲ, ಹೊಂಡವೂ ಇಲ್ಲ.

ಹೊಂಡದ ಸುತ್ತ ಬೇಲಿಯ ಮಾತು ಹೇಳಲೇಬೇಕು. ಹೊಸ ಕೃಷಿ ಭಾಗ್ಯದಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿಸಿದ್ದೀರಿ, ಸಂತೋಷ. ಮೊದಲು ತೋಡಿದ ಹೊಂಡಗಳು ಇನ್ನೂ ಬೇಲಿ ಇಲ್ಲದೆಯೇ ಇವೆ. ಹಾಸು ಹಾಕಿದ ಹೊಂಡಕ್ಕೆ ಬಿದ್ದರೆ ಈಜು ಬರುವವನೂ ಹತ್ತಿ ಬರಲಾರ, ಅಷ್ಟು ಜಾರುತ್ತದೆ. ಮಕ್ಕಳು ಬಿದ್ದು ತೀರಿಕೊಂಡ ಸುದ್ದಿ ಓದದ ಬೇಸಿಗೆಯೇ ಇಲ್ಲ. ನಾವು ನಮ್ಮ ಹೊಂಡಕ್ಕೆ ದಪ್ಪ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ಒಂದು ತುದಿಯನ್ನು ದಂಡೆಯ ಕಲ್ಲುಗೂಟಕ್ಕೆ ಬಿಗಿದು, ಇನ್ನೊಂದು ತುದಿಗೆ ಹಳೆಯ ಟ್ಯೂಬ್ ಕಟ್ಟಿ ಒಳಗೆ ಇಳಿಬಿಟ್ಟಿದ್ದೇವೆ. ಅಂಥ ಖರ್ಚೇನೂ ಆಗಲಿಲ್ಲ. ಹಳೆಯ ಹೊಂಡಗಳಿಗೂ ಬೇಲಿಯ ದುಡ್ಡು ಕೊಡಿ, ಅಲ್ಲಿಯ ತನಕ ಈ ಹಗ್ಗವನ್ನಾದರೂ ಕಡ್ಡಾಯ ಮಾಡಿ.

ಕೊನೆಯದು ತಾರೀಕಿನ ವಿಷಯ. ನಿಮ್ಮ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಹಿಂಗಾರಿ ಸುಗ್ಗಿ ಮುಗಿಯುವುದೇ ಫೆಬ್ರವರಿ ಕೊನೆಗೆ. ಜೋಳ, ಕಡಲೆ ನಿಂತಿರುವಾಗ ಹೊಲಕ್ಕೆ ಜೆಸಿಬಿ ಇಳಿಸಲು ಆಗುವುದಿಲ್ಲ. ಸುಗ್ಗಿ ಮುಗಿಸಿ ಬಂದರೆ "ಮಾರ್ಚ್ ಒಳಗ ಬಿಲ್ ಆಗಬೇಕ್ರಿ" ಅಂತ ಗಡಿಬಿಡಿ, ಆ ಗಡಿಬಿಡಿಯಲ್ಲಿ ಕೋಡಿಗೆ ಕಲ್ಲು ಇಡುವುದು ತಪ್ಪುತ್ತದೆ. ಏಪ್ರಿಲ್ ಬಂದರೆ ಹೊಸ ಗುರಿ ಬರಲಿ, ಅನುದಾನ ಬರಲಿ ಅಂತ ಕಾಯುವುದು. ಜೂನ್‌ನಲ್ಲಿ ಮಳೆ ಬಿದ್ದಮೇಲೆ ಎರಿ ಹೊಲಕ್ಕೆ ಮನುಷ್ಯ ಕಾಲಿಟ್ಟರೂ ಹೂತುಹೋಗುತ್ತದೆ, ಯಂತ್ರದ ಮಾತೇ ಬೇಡ. ನಮಗೆ ಇರುವುದು ಮಾರ್ಚ್, ಏಪ್ರಿಲ್, ಮೇ ಮೂರೇ ತಿಂಗಳು, ಅದರ ನಡುವೆಯೇ ನಿಮ್ಮ ಲೆಕ್ಕ ಮುಚ್ಚುತ್ತದೆ. ಆದ್ದರಿಂದ ಹೊಂಡ, ಬದುವಿನ ಫಲಾನುಭವಿಗಳ ಆಯ್ಕೆ ಡಿಸೆಂಬರ್ ಒಳಗೆ ಮುಗಿಯಲಿ. ಕಾರ್ಯಾದೇಶ ಫೆಬ್ರವರಿಯಲ್ಲಿ ಕೈ ಸೇರಲಿ. ಕೆಲಸ ಮುಗಿಸಲು ಮೇ 31ರ ತನಕ ಅವಕಾಶ ಇರಲಿ, ಮಾರ್ಚ್ ದಾಟಿದ ಕಾರಣಕ್ಕೆ ದುಡ್ಡು ವಾಪಸ್ ಹೋಗದಂತೆ ಹಣಕಾಸು ಇಲಾಖೆಯಿಂದ ಒಂದು ಆದೇಶ ಮಾಡಿಸಿ. ನಿರ್ವಹಣೆಯ ತಪಾಸಣೆಯನ್ನು ಅಕ್ಟೋಬರಿನಲ್ಲಿ ಇಡಿ. ಹೊಂಡ ತುಂಬಿದೆಯೋ ಸೋರಿದೆಯೋ, ಬದು ನಿಂತಿದೆಯೋ ಒಡೆದಿದೆಯೋ ಆಗ ಎಲ್ಲರ ಕಣ್ಣಿಗೂ ಕಾಣುತ್ತದೆ.

ಮುಂದಿನ ಬಜೆಟ್ ತಯಾರಿಯ ಸಭೆಗಳಿಗೆ ರೈತ ಸಂಘಗಳ ಮುಖಂಡರನ್ನು ಕರೆಯುತ್ತೀರಿ. ಈ ಸಲ ಅವರ ಜೊತೆ ಹೊಂಡ ಸೋರುತ್ತಿರುವ ನಾಲ್ಕು ಜನರನ್ನೂ ಕರೆಯಿರಿ, ನಮ್ಮ ಜಿಲ್ಲೆಯಿಂದಲೇ ಸಿಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಯಲಬುರ್ಗಾ ಸೀಮೆಯ ಒಬ್ಬ ರೈತ,
ಕೊಪ್ಪಳ ಜಿಲ್ಲೆ